ಹುಲಿಯಮ್ಮನ ಪಥ್ಯ

ಬೋರಯ್ಯನ ಮನೆಯಲ್ಲಿ ಮುದ್ದೆ ತಿರುವುವ ಹಿಟ್ಟಿನ ಕೋಲು ಗೂಟಕ್ಕೇರಿ ಎರಡು ವಾರ ಕಳೆದಿತ್ತು. ಹಾಸನದ ಆಸ್ಪತ್ರೆಯಿಂದ ಗಂಡ ಮನೆಗೆ ಬಂದ ಸಂಜೆಯೇ ಹುಲಿಯಮ್ಮ ಅದನ್ನು ತೊಳೆದು ಒಣಗಿಸಿ ಮೇಲಕ್ಕೆ ಸಿಕ್ಕಿಸಿಬಿಟ್ಟಿದ್ದಳು. ಹೊಟ್ಟೆಹುಣ್ಣು ಎಂದು ಮಗ ಜಯಕುಮಾರ್ ಹೇಳಿದ್ದ. ಹೊಟ್ಟೆಹುಣ್ಣಿಗೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗ್ಗೆಯ ತವರುಮನೆಯಲ್ಲಿ ಅವಳ ಅಪ್ಪನಿಗೂ ಅದೇ ಆಗಿತ್ತು. ಅವ್ವ ಅವನನ್ನು ಒಂದು ಮಳೆಗಾಲವಿಡೀ ಗಂಜಿಯಲ್ಲೇ ಇಟ್ಟು ಎಬ್ಬಿಸಿ ಕೂರಿಸಿದ್ದಳು. ಅದನ್ನು ಕಣ್ಣಾರೆ ಕಂಡವಳು ಹುಲಿಯಮ್ಮ.

ಹಾಗಾಗಿ ಖಾರ ನಿಂತಿತು, ಹುಳಿ ನಿಂತಿತು. ರಾಗಿ ಮುದ್ದೆ ಹೊಟ್ಟೆಗೆ ಭಾರ, ಬೇಡ. ಮೊಟ್ಟೆ ಉಷ್ಣ, ಬೇಡ. ಬಾಡಿನ ಹೆಸರನ್ನೇ ಎತ್ತುವ ಹಾಗಿಲ್ಲ. ಬೆಳಿಗ್ಗೆ ನುಚ್ಚಿನ ಗಂಜಿ, ಮಧ್ಯಾಹ್ನ ಮೆತ್ತಗೆ ಬೇಯಿಸಿದ ಅನ್ನಕ್ಕೆ ನೀರು ಮಜ್ಜಿಗೆ, ರಾತ್ರಿ ಮತ್ತೆ ಗಂಜಿ. ಗಂಡ ಪಥ್ಯದಲ್ಲಿರುವಾಗ ತಾನೊಬ್ಬಳು ಸಾರು ಸುರಿದುಕೊಂಡು ಉಣ್ಣುವುದು ಹೇಗೆಂದು ಅವಳೂ ಅದನ್ನೇ ಕುಡಿಯುತ್ತಿದ್ದಳು. ಒಲೆಯ ಮೇಲೆ ಒಳ್ಳೆಯ ಸಾರು ಕುದ್ದರೆ ಗಂಡನ ನಾಲಿಗೆ ಕೆಡುತ್ತದೆಂದು ಮನೆಮಂದಿಗೆಲ್ಲ ಸಪ್ಪೆಯೇ ಆಯಿತು. ಆಲೂರಿನ ಕಾಲೇಜಿಗೆ ಹೋಗುವ ಮೊಮ್ಮಗಳು ನಯನಾ ಬಸ್ ಸ್ಟ್ಯಾಂಡಿನಲ್ಲಿ ಆಮ್ಲೆಟ್ ತಿಂದು, ಕೊತ್ತಂಬರಿ ಜಗಿದು ಮನೆಗೆ ಬರುವುದನ್ನು ಕಲಿತಿದ್ದಳು.

ಸೊಸೆ ಗಂಗಾಮಣಿಗೆ ಮಾತ್ರ ಆ ಗಂಜಿಯ ತಟ್ಟೆಯನ್ನು ಮಾವನ ಮುಂದಿಟ್ಟು ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅದು ಹುಣ್ಣಲ್ಲ ಎಂಬುದು ಆ ಮನೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೇ, ಅವಳಿಗೆ ಮತ್ತು ಅವಳ ಗಂಡನಿಗೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಜಯಕುಮಾರನಿಗೆ ಬೇರೆಯಾಗಿ ಬಿಡಿಸಿ ಹೇಳಿದ್ದಳು. ಜಠರದಲ್ಲಿ ಕ್ಯಾನ್ಸರ್ ಗಡ್ಡೆ. ಕೊಯ್ದು ತೆಗೆಯುವ ಹಂತ ದಾಟಿದೆ. ಔಷಧಿಯಿಂದ ಸ್ವಲ್ಪ ಕಾಲ ಹಿಡಿದಿಡಬಹುದು. ವಯಸ್ಸಾದವರು, ದೇಹ ತಡೆಯಬೇಕು. ಒಬ್ಬರೇ ಸ್ನಾನ ಮಾಡುತ್ತಾರಾ, ಎಷ್ಟು ದೂರ ನಡೆಯುತ್ತಾರೆ, ಎಲ್ಲಾದರೂ ಬಿದ್ದಿದ್ದಾರಾ, ಏನು ಉಣ್ಣುತ್ತಾರೆ ಎಂದು ಅವಳು ಬೋರಯ್ಯನನ್ನು ಕೇಳಿದ್ದಕ್ಕೆಲ್ಲ ಜಯಕುಮಾರನೇ ಉತ್ತರ ಕೊಟ್ಟಿದ್ದ.

"ಅವರನ್ನೇ ಮಾತಾಡೋಕೆ ಬಿಡಿ," ಎಂದಿದ್ದಳು ಡಾಕ್ಟರಮ್ಮ.

"ಅವ್ರಿಗೆ ಕಿವಿ ಸ್ವಲ್ಪ ಮಂದ ಮೇಡಂ," ಎಂದಿದ್ದ ಜಯಕುಮಾರ್. ಬೋರಯ್ಯನ ಕಿವಿ ಇಲಿ ಓಡಿದರೆ ಕೇಳಿಸುವಷ್ಟು ಚುರುಕಾಗಿತ್ತು. ಆಸ್ಪತ್ರೆಯ ಬೋರ್ಡುಗಳನ್ನು ಓದಬಾರದೆಂದು ಅಪ್ಪನ ಕನ್ನಡಕ ಮನೆಯಲ್ಲೇ ಉಳಿಯುವಂತೆಯೂ ಮಗ ನೋಡಿಕೊಂಡಿದ್ದ. ಆಮೇಲೆ ಅಪ್ಪನನ್ನು ಹೊರಗೆ ಕೂರಿಸಿ ಬಂದಾಗ ಡಾಕ್ಟರಮ್ಮ ಒತ್ತಿ ಹೇಳಿದ್ದು ಒಂದೇ ಮಾತು. "ಮೊದಲನೇ ಸಲದ ಮದ್ದು ಹಾಕ್ತೀವಿ. ಮೂರು ವಾರ ಬಿಟ್ಟು ಬನ್ನಿ. ಅಷ್ಟರೊಳಗೆ ತೂಕ ಇಳೀಬಾರದು. ಇಳಿದರೆ ಎರಡನೇದು ಹಾಕೋಕೆ ಆಗಲ್ಲ. ಮೊಟ್ಟೆ, ಮೀನು, ಕೋಳಿ, ಕಾಳು, ಏನು ಸೇರುತ್ತೋ ಅದು. ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದಾರು ಸಲ."

ಆ ಮಾತು ಹಾಸನದಿಂದ ಮನೆಗೆ ಬರುವಷ್ಟರಲ್ಲಿ ಸವೆದು, "ಹುಣ್ಣಂತೆ ಅವ್ವ, ಲಘುವಾಗಿ ಕೊಡ್ಬೇಕಂತೆ" ಎಂದಾಗಿತ್ತು.

ಎರಡು ವಾರ ತುಂಬಿದ ದಿನ ಮಧ್ಯಾಹ್ನ ಬೋರಯ್ಯ ತಟ್ಟೆಯನ್ನು ನೋಡಿ ಗೋಡೆಗೆ ಒರಗಿದ.

"ಇವತ್ತೂ ನೀರೇನೇ?"

"ನೀರಲ್ಲ, ಅನ್ನ ಐತೆ ಅದ್ರಲ್ಲಿ," ಎಂದಳು ಹುಲಿಯಮ್ಮ.

"ಎಲ್ಲೈತೆ ತೋರ್ಸು. ಈ ತಟ್ಟೇಲಿ ಮೀನು ಬಿಟ್ರೆ ಬದುಕ್ತಾವೆ ಕಣೇ."

"ನಾಲಿಗೆ ಬಿಗಿ ಹಿಡೀರಿ. ನಮ್ಮಪ್ಪ ಹಿಂಗೇ ಕೊಂಕು ಆಡ್ಕಂಡು ಕುಡೀತಿದ್ದ. ಆಮೇಲೆ ಇಪ್ಪತ್ತೊರ್ಷ ಬದುಕ್ದ."

"ನಿಮ್ಮಪ್ಪ ಹಠಕ್ಕೆ ಬದುಕ್ದ. ನಾನು ಹಂಗಲ್ಲ."

ಹಾಗೆಂದರೂ ಬೋರಯ್ಯ ಅರ್ಧ ಕುಡಿದು ತಟ್ಟೆ ಸರಿಸಿದ. ಹೆಂಡತಿಯ ಮಾತು ಮೀರುವ ಗಂಡಸಲ್ಲ ಅವನು. ಹೊಟ್ಟೆ ಹಿಡಿದುಕೊಂಡು ಅಂಗಳಕ್ಕೆ ಹೋಗಿ, ಕಣದಲ್ಲಿ ಹರವಿದ್ದ ಕಾಫಿಹಣ್ಣಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಮೊದಲಾದರೆ ಆ ಹಣ್ಣನ್ನು ಕಾಲಿನಿಂದ ಸಾಲು ಹಿಡಿದು ತಿರುವುತ್ತಿದ್ದವನು ಈಗ ಕೋಳಿ ಬಂದರೆ ಹಚಾ ಎನ್ನುವುದಕ್ಕೂ ದಣಿಯುತ್ತಿದ್ದ.

ಗಂಗಾಮಣಿ ತಡೆಯಲಾರದೆ ಮರುದಿನ ಒಂದು ಕಳ್ಳತನ ಮಾಡಿದಳು. ಅತ್ತೆ ದನಕ್ಕೆ ನೀರಿಡಲು ಹೋದಾಗ ಮೊಟ್ಟೆಯೊಂದನ್ನು ಬೇಯಿಸಿ, ನುಣ್ಣಗೆ ಕಿವುಚಿ ಗಂಜಿಗೆ ಬೆರೆಸಿದಳು. ಮಾವ ಎರಡು ಗುಟುಕು ಕುಡಿದು, ಮೂರನೆಯದಕ್ಕೆ ಕಣ್ಣರಳಿಸಿ, ಬೇಗ ಬೇಗ ಕುಡಿಯತೊಡಗಿದ. ಅಷ್ಟರಲ್ಲಿ ಹುಲಿಯಮ್ಮ ಒಳಗೆ ಬಂದು ಮೂಗು ಅರಳಿಸಿದಳು.

"ಮೊಟ್ಟೆ."

ಗಂಗಾಮಣಿ ಒಲೆಯ ಕಡೆ ತಿರುಗಿದಳು.

"ನಿನ್ನೇ ಕೇಳ್ತಿರೋದು ಗಂಗಾ. ಮೊಟ್ಟೆ ಹಾಕಿದ್ದೀಯಾ?"

"ಒಂದೇ ಒಂದು ಅತ್ತೆ. ಮಾವ ಸೊರಗಿ ಹೋಗವ್ರೆ…"

"ಸೊರಗದೆ? ಪಥ್ಯದಲ್ಲಿ ಇರೋರು ಸೊರಗ್ತಾರೆ. ಹುಣ್ಣು ಒಣಗುದ್ಮೇಲೆ ತುಂಬ್ಕತಾರೆ." ಹುಲಿಯಮ್ಮ ಗಂಡನ ಕೈಯಿಂದ ಬಟ್ಟಲು ಕಿತ್ತುಕೊಂಡಳು. "ಹಸಿ ಹುಣ್ಣಿನ ಮೇಲೆ ಮೊಟ್ಟೆ ಹಾಕ್ತಾಳಂತೆ! ನನ್ನ ಗಂಡನ್ನ ಮಣ್ಣು ಮಾಡಕ್ಕೇ ಬಂದಿದ್ದೀಯೇನೇ ಈ ಮನೆಗೆ?"

"ಬುಡೇ, ಪಾಪ ಅವ್ಳೇನೋ ಆಸೆಗೆ…" ಎಂದ ಬೋರಯ್ಯ, ಬಟ್ಟಲನ್ನೇ ನೋಡುತ್ತ.

"ನೀವು ಸುಮ್ನಿರಿ. ತಿನ್ನೋದಂದ್ರೆ ಮುಂದೆ ನಿಮ್ದೇ ನಾಲಿಗೆ."

ಬಟ್ಟಲಿನಲ್ಲಿದ್ದದ್ದು ಹಿತ್ತಲ ನಾಯಿಯ ಪಾಲಾಯಿತು. ಗಂಗಾಮಣಿ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಮದುವೆಯಾಗಿ ಬಂದ ಮೇಲೆ ಅತ್ತೆ ಅಂಥ ಮಾತನ್ನು ಆಡಿದ್ದು ಇದೇ ಮೊದಲು.

ಪಾಳ್ಯದ ಕಡೆ ಆನೆ ಇಳಿದಿವೆ ಎಂದು ಫಾರೆಸ್ಟಿನವರ ಮೆಸೇಜು ಬಂದಿದ್ದರಿಂದ ಜಯಕುಮಾರ್ ಆ ಸಂಜೆ ಬೆಳಕಿರುವಾಗಲೇ ಮನೆ ಸೇರಿದ. ಸಕಲೇಶಪುರದ ರಸ್ತೆಯ ಒಂದು ಎಸ್ಟೇಟಿನಲ್ಲಿ ಅವನು ರೈಟರ್. ಕೊಯ್ಲಿನ ಕಾಲ, ಆಳುಗಳ ಹಾಜರಿ, ಹಣ್ಣಿನ ತೂಕ, ಲಾರಿ ಎಂದು ಸಾಕಾಗಿ ಬಂದಿದ್ದ. ಬೈಕಿನ ಸ್ಟ್ಯಾಂಡ್ ಹಾಕುವ ಮೊದಲೇ ಗಂಗಾಮಣಿ ಎದುರು ನಿಂತಳು.

"ಇವತ್ತು ನಿಮ್ಮವ್ವ ನನಗೆ ಏನಂದ್ರು ಗೊತ್ತೇನ್ರೀ?"

"ಅವ್ವನ ಬಾಯಿ ನಿಂಗೆ ಹೊಸ್ದಾ? ಬುಟ್ಟಾಕು."

"ಬೈದಿದ್ದಕ್ಕಲ್ಲ. ಅವ್ರು ಅಂದಿದ್ದೇ ಸರಿ ಅಂತ ಹೇಳ್ತಿದ್ದೀನಿ. ಹುಣ್ಣಾಗಿದ್ರೆ ಅವ್ರು ಮಾಡ್ತಿರೋದು ಸರಿ. ನಾವು ಸುಳ್ಳು ಹೇಳಿರೋದ್ರಿಂದ ಅವ್ರು ಮಾಡ್ತಿರೋದು ಸರಿ ಕಾಣ್ತೈತೆ. ಅತ್ತೆಗಾದ್ರೂ ಹೇಳಿ."

"ಅವ್ವಂಗೆ ಹೇಳೋದೂ ಒಂದೇ, ಅಪ್ಪಂಗೆ ಹೇಳೋದೂ ಒಂದೇ. ಆ ಕಾಯಿಲೆ ಹೆಸರು ಕೇಳುದ್ರೆ ಅಪ್ಪ ಅಲ್ಲೇ ಕುಸ್ದು ಹೋಗ್ಬುಡ್ತಾರೆ ಕಣೇ. ಪಕ್ಕದ್ಮನೆ ಭೂತಮ್ಮನ ಗಂಡ ಏನಾದ? ಹೆಸರು ಕೇಳಿ ಹಾಸಿಗೆ ಹಿಡ್ದೋನು ಏಳ್ಲೇ ಇಲ್ಲ."

"ಇವ್ರು ಹೆಸರು ಕೇಳ್ದೇನೇ ಹಾಸಿಗೆ ಹಿಡೀತವ್ರೆ."

ಜಯಕುಮಾರ್ ಹೆಲ್ಮೆಟ್ಟನ್ನು ಜಗುಲಿಯ ಮೇಲೆ ಕುಕ್ಕಿದ. "ಆಯ್ತು, ಮೊಟ್ಟೆ ಕೊಡಕ್ಕೆ ನಾನೇ ಹೇಳ್ತೀನಿ."

ಹೇಳಿದ. ಹುಲಿಯಮ್ಮ ಒಲೆಗೆ ಸೌದೆ ಮುಂದೂಡುತ್ತಲೇ ಕೇಳಿಸಿಕೊಂಡಳು.

"ಡಾಕ್ಟ್ರು ಮೊಟ್ಟೆ ಕೊಡಿ ಅಂದವ್ರಾ?"

"ಹೂಂ ಅವ್ವ. ಕೋಳೀನೂ ಕೊಡ್ಬೋದಂತೆ."

"ಹೊಟ್ಟೆಹುಣ್ಣಿಗೆ?"

"…ಹೂಂ."

"ಹೊಟ್ಟೆಹುಣ್ಣಿಗೆ ಕೋಳಿ ತಿನ್ಸೋ ಡಾಕ್ಟ್ರು ಎಲ್ಲಿ ಓದವ್ನೋ? ನಿಂಗೆ ಲಘುವಾಗಿ ಕೊಡಿ ಅಂದೋನು ಇವನೇ ಅಲ್ವಾ? ಹೆಂಡ್ತಿ ಬೇಜಾರು ಮಾಡ್ಕಂಡ್ಳು ಅಂತ ಡಾಕ್ಟ್ರ ಮೇಲೆ ಹಾಕಿ ಹೇಳ್ತಿದ್ದೀಯಾ. ನನ್ನ ಮಕ ನೋಡಿ ಹೇಳು, ಅದು ಹುಣ್ಣು ತಾನೆ?"

ಜಯಕುಮಾರ್ ಅವ್ವನ ಮುಖ ನೋಡಿದ. ಒಲೆಯ ಬೆಂಕಿ ನೋಡಿದ. "ಹೂಂ, ಹುಣ್ಣೇ," ಎಂದು ಕೈಕಾಲು ತೊಳೆಯಲು ಬಚ್ಚಲಿಗೆ ಹೋದ. ಬಾಗಿಲ ಮರೆಯಲ್ಲಿ ನಿಂತಿದ್ದ ಗಂಗಾಮಣಿ ಚಾಪೆ ಬಿಡಿಸಿದಳು. ಆ ರಾತ್ರಿ ಅವಳು ಗಂಡನ ತಟ್ಟೆಗೂ ಗಂಜಿಯನ್ನೇ ಸುರಿದಳು.

ಶನಿವಾರ ಒಣಗಿದ ಕಾಫಿಯ ಎರಡು ಮೂಟೆಗಳನ್ನು ಪಾಳ್ಯದ ನಟರಾಜನ ಅಂಗಡಿಗೆ ಹಾಕಬೇಕಾಗಿತ್ತು. ಗೂಡ್ಸ್ ಆಟೋದ ಮುಂದಿನ ಸೀಟಿನಲ್ಲಿ ಮಾವನನ್ನೂ ಕೂರಿಸಿಕೊಂಡು ಗಂಗಾಮಣಿ ಹೊರಟಳು. ಮನೆಯಲ್ಲೇ ಇದ್ದು ಬೇಜಾರಾಗಿದೆ, ಒಂದು ಸುತ್ತು ಬರಲಿ ಎಂದು ಅತ್ತೆಗೆ ಹೇಳಿದ್ದಳು. ಮೂಟೆ ತೂಗಿ ಇಳಿಸಿದ ಮೇಲೆ, "ಮಾವ, ನೀವೂ ಒಂದ್ಸಲ ಹತ್ತಿ ನಿಂತ್ಕಳಿ," ಎಂದಳು.

ಬೋರಯ್ಯ ನಕ್ಕ. "ನನ್ನೂ ಮಾರ್ತೀಯೇನವ್ವ?"

"ಬನ್ನಿ ಬೋರಣ್ಣ, ಒಳ್ಳೆ ರೇಟ್ ಹಾಕ್ತೀನಿ," ಎಂದ ನಟರಾಜ.

ಬೋರಯ್ಯ ಸೊಸೆಯ ಭುಜ ಹಿಡಿದು ತಕ್ಕಡಿಯ ಹಲಗೆ ಏರಿದ. "ತೇವ ಐತೆ ಅಂತ ತೂಕ ಕಳೀಬ್ಯಾಡ ಕಣೋ ನಟರಾಜ. ಪೂರಾ ಒಣಗಿರೋ ಮಾಲು."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಂಕಿ ಕುಣಿದು ಕುಣಿದು ನಿಂತಾಗ ನಟರಾಜ ನಗು ನಿಲ್ಲಿಸಿದ. ನಲವತ್ತೇಳು. ಆಸ್ಪತ್ರೆಯಲ್ಲಿ ಐವತ್ತೆರಡಿತ್ತು. ಗಂಗಾಮಣಿ ಮತ್ತೊಮ್ಮೆ ನೋಡಿದಳು, ತಕ್ಕಡಿ ಸರಿಯಿದೆಯಾ ಎಂದು ಕೇಳಿದಳು. "ಈಗ ತಾನೆ ನಿಮ್ಮ ಮೂಟೆ ತೂಗಿಲ್ವೇನಮ್ಮ," ಎಂದು ನಟರಾಜ ತಗ್ಗಿದ ದನಿಯಲ್ಲಿ ಹೇಳಿದ. ಬೋರಯ್ಯ ಇಳಿದು, ಅಂಗಡಿಯ ಬೆಂಚಿನ ಮೇಲೆ ಕೂತು, ಎದುರಿನ ಹೋಟೆಲಿನ ಬೋಂಡದ ಬಾಣಲೆಯನ್ನೇ ನೋಡುತ್ತಿದ್ದ.

"ಬೇಕಾ ಮಾವ?"

"ಬ್ಯಾಡ. ನಿಮ್ಮತ್ತೆಗೆ ವಾಸ್ನೆ ಗೊತ್ತಾಗ್ಬುಡ್ತದೆ."

ಸೋಮವಾರ ಬೆಳಿಗ್ಗೆ, ಜಯಕುಮಾರ್ ಎಸ್ಟೇಟಿಗೆ ಹೋದ ಮೇಲೆ, ಹುಲಿಯಮ್ಮ ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂತು ಗಂಜಿಗೆ ನುಚ್ಚು ಕೇರುತ್ತಿದ್ದಳು. ಗುರುವಾರ ಆಸ್ಪತ್ರೆಗೆ ಹೋಗಬೇಕಾಗಿತ್ತು. ಗಂಗಾಮಣಿ ಬಂದು ಅವಳ ಮುಂದೆ ನೆಲಕ್ಕೆ ಕೂತಳು.

"ಅತ್ತೆ, ಮೊರ ಕೆಳಗಿಡಿ."

"ಯಾಕೆ?"

"ಇಡಿ, ಹೇಳ್ತೀನಿ. ಮಾವಂಗೆ ಆಗಿರೋದು ಹುಣ್ಣಲ್ಲ. ಕ್ಯಾನ್ಸರ್."

ಹುಲಿಯಮ್ಮ ಮೊರ ಇಡಲಿಲ್ಲ. ಇನ್ನೂ ಎರಡು ಸಲ ಕೇರಿದಳು. ಮೂರನೆಯ ಸಲಕ್ಕೆ ಮೊರ ಗಾಳಿಯಲ್ಲೇ ನಿಂತಿತು.

"ಯಾರು ಹೇಳಿದ್ದು?"

"ಡಾಕ್ಟ್ರು. ಹೊಟ್ಟೆ ತುಂಬ ಉಣ್ಸಿ, ತೂಕ ಇಳಿದ್ರೆ ಮದ್ದು ಹಾಕಕ್ಕಾಗಲ್ಲ ಅಂದಿದ್ರು. ಇಳ್ದೈತೆ ಅತ್ತೆ. ಶನಿವಾರ ನಾನೇ ತೂಗ್ಸಿ ನೋಡಿದ್ದೀನಿ."

"ಜಯಂಗೆ ಗೊತ್ತಾ?"

"ಗೊತ್ತು."

"ನಿಂಗೆ ಯಾವಾಗಿಂದ ಗೊತ್ತು?"

"ಮೊದಲ್ನೇ ದಿನದಿಂದ."

ಹುಲಿಯಮ್ಮ ಸೊಸೆಯನ್ನು ದಿಟ್ಟಿಸಿದಳು. ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದುಕೊಂಡಿದ್ದ ಗಂಗಾಮಣಿಗೆ ಆ ನೋಟ ಎದುರಿಸಲಾಗಲಿಲ್ಲ.

"ಗಂಡನ ಎದುರಿಗಿದ್ದ ಬಟ್ಟಲು ಕಿತ್ತು ನಾಯಿಗೆ ಹಾಕ್ದೆ. ನೀನು ನಿಂತು ನೋಡ್ದೆ. ಆವತ್ತೇ ಯಾಕೆ ಬಾಯಿ ಬಿಡ್ಲಿಲ್ಲ ನೀನು? ನಾನು ಅಷ್ಟು ದೊಡ್ಡ ಮಾತಾಡುದ್ನಲ್ಲ, ಆವಾಗಾದ್ರೂ ನನ್ನ ಕೆನ್ನೆಗೆ ಹೊಡ್ದು ಹೇಳಕ್ಕಾಗ್ಲಿಲ್ವಾ?"

"ಇವ್ರು ಬ್ಯಾಡ ಅಂದಿದ್ರು ಅತ್ತೆ."

"ಇವ್ರು ಬ್ಯಾಡ ಅಂದ್ರು! ಬಡ್ಸಿದ್ದು ಯಾರ ಕೈ? ನನ್ನ ಕೈ. ಉಪವಾಸ ಕೆಡವಿದ್ದು ಯಾರು? ನಾನು." ಅವಳು ನುಚ್ಚಿನ ಮೊರವನ್ನು ಕೋಳಿಗಳತ್ತ ಚೆಲ್ಲಿ ಎದ್ದಳು. ಮುಗಿಬಿದ್ದ ಕೋಳಿಗಳಲ್ಲಿ ಒಂದನ್ನು ಬಗ್ಗಿ ರೆಕ್ಕೆ ಹಿಡಿದು ಎತ್ತಿಕೊಂಡಳು. "ನೀರು ಕಾಯ್ಸು."

"ಅತ್ತೆ, ಸೋಮವಾರ…"

"ಕಾಯ್ಸು ಅಂದೆ."

ಹುಲಿಯಮ್ಮ ಮದುವೆಯಾಗಿ ಬಂದಾಗಿನಿಂದ ಸೋಮವಾರ ಆ ಮನೆಯಲ್ಲಿ ಬಾಡು ಬೆಂದದ್ದಿಲ್ಲ. ಮಸಾಲೆ ಅರೆಯುವ ಸದ್ದಿಗೆ ಕಾಲೇಜಿಗೆ ರಜೆ ಇದ್ದ ನಯನಾ ಎದ್ದು ಬಂದು, ಅಜ್ಜಿಯ ಮುಖ ನೋಡಿ, ಬೆಳ್ಳುಳ್ಳಿ ಬಿಡಿಸಲು ಕೂತಳು. ಅತ್ತೆ ಸೊಸೆಯೊಂದಿಗೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಮೊಮ್ಮಗಳನ್ನು ಕೇಳಿದಳು.

ಮಧ್ಯಾಹ್ನ ಬೋರಯ್ಯನ ಮುಂದೆ ನಿಂಬೆಹಣ್ಣಿನ ಗಾತ್ರದ ಮುದ್ದೆಯೂ ಕೋಳಿಸಾರೂ ಬಂದವು. ಅವನು ತಟ್ಟೆ ನೋಡಿದ, ಹೆಂಡತಿಯನ್ನು ನೋಡಿದ.

"ಇವತ್ತು ಸೋಮವಾರ ಕಣೇ."

"ಗೊತ್ತು. ಉಣ್ಣಿ."

"ಪಥ್ಯ?"

"ಪಥ್ಯ ಮುಗೀತು."

"ಹುಣ್ಣು ಒಣಗ್ತಾ?"

ಹುಲಿಯಮ್ಮ ಅವನ ಎದುರಿಗೇ ಕೂತಳು. "ಅದು ಹುಣ್ಣಲ್ವಂತೆ. ಕ್ಯಾನ್ಸರಂತೆ. ನಂಗೂ ಇವತ್ತೇ ಗೊತ್ತಾಗಿದ್ದು. ಎಲ್ಲ ತಿನ್ನಬೇಕಂತೆ ನೀವು, ಶಕ್ತಿ ಬರ್ಬೇಕಂತೆ. ನಾನು ತಿಳೀದೆ ಕಟ್ಟಾಕ್ಬುಟ್ಟೆ."

ಮುದ್ದೆಗೆ ಇಳಿದಿದ್ದ ಬೋರಯ್ಯನ ಬೆರಳುಗಳು ಅಲ್ಲೇ ನಿಂತವು. ಅವನು ಕೈ ಹಿಂದೆಗೆದು ತಟ್ಟೆಯ ಅಂಚಿಗೆ ಒರೆಸಿದ.

"ಜಯ ಎಲ್ಲಿ?"

"ಎಸ್ಟೇಟಿಗೆ ಹೋಗವ್ನೆ. ಬಿಸಿ ಇರುವಾಗ ಒಂದು ತುತ್ತು…"

"ಕರ್ಸು. ಅವ್ನು ಬಂದು ನನ್ನ ಮುಂದೆ ಹೇಳ್ಲಿ. ಅಲ್ಲೀಗಂಟ ನಾನು ಇದನ್ನ ಮುಟ್ಟಲ್ಲ."

ಹುಲಿಯಮ್ಮ ಬೇಡಿಕೊಂಡಳು, ಬೈದಳು. ಗಂಗಾಮಣಿ, "ತಪ್ಪು ನಂದೂ ಐತೆ ಮಾವ, ಊಟದ ಮೇಲೆ ಸಿಟ್ಟು ಬ್ಯಾಡ," ಎಂದಳು. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. ಇಷ್ಟು ದಿನ ತಿನ್ನಲು ಹಾತೊರೆಯುತ್ತಿದ್ದವನು ಸಾರಿನ ಆವಿ ಮೂಗಿಗೆ ಬಡಿಯುತ್ತಿದ್ದರೂ ಕದಲಲಿಲ್ಲ. ನಯನಾ ಫೋನು ಹಿಡಿದು ಅಂಗಳಕ್ಕೆ ಓಡಿದಳು. "ಅಪ್ಪಾ, ತಾತಂಗೆ ಗೊತ್ತಾಗೈತೆ. ಈಗ್ಲೇ ಬಾ. ಉಣ್ತಾ ಇಲ್ಲ."

ಜಯಕುಮಾರ್ ಬಂದಾಗ ಸಾರಿನ ಮೇಲೆ ಜಿಡ್ಡು ಕಟ್ಟಿತ್ತು. ಒಳಗೆ ಬಂದವನು ಮೊದಲು ಹೆಂಡತಿಯ ಮೇಲೆ ಹರಿಹಾಯ್ದ. "ಹೇಳ್ಬ್ಯಾಡ ಅಂದಿರ್ಲಿಲ್ವೇನೇ ನಿಂಗೆ? ಈಗ ಸಮಾಧಾನ ಆಯ್ತಾ?"

"ಅವ್ಳನ್ನ ಯಾಕೋ ಬಯ್ತೀಯಾ?" ಬೋರಯ್ಯ ಕಣ್ಣು ತೆರೆದ. "ಇಲ್ಲಿ ಬಾ. ಕೂತ್ಕ. ನಂಗೇನಾಗೈತೆ?"

"ಅಪ್ಪಾ, ಎಲ್ಲ ಸರಿ ಹೋಗ್ತದೆ…"

"ಅದಲ್ಲ ನಾನು ಕೇಳಿದ್ದು. ಬಾಯಿ ಬಿಟ್ಟು ಹೇಳು."

ಜಯಕುಮಾರ್ ಬಾಯಿ ತೆರೆದ. ನೂರು ಆಳುಗಳ ನಡುವೆ ಕೂಗಿ ಕೆಲಸ ಹಚ್ಚುವ ಗಂಡಸು, ಕೊನೆಗೆ ನೆಲ ನೋಡಿಕೊಂಡು, "ಕ್ಯಾನ್ಸರ್ ಅಪ್ಪ," ಎಂದ.

"ವಾಸಿ ಆಯ್ತದಾ?"

"ಪೂರ್ತಿ ಆಗಲ್ಲ ಅಂದ್ರು. ಹಿಡಿದಿಡ್ಬೋದು ಅಂದ್ರು."

"ಎಷ್ಟು ದಿನ?"

"ನಾನು ಕೇಳ್ಲಿಲ್ಲ ಅಪ್ಪ. ನಂಗೆ… ಕೇಳಕ್ಕೆ ಧೈರ್ಯ ಬರ್ಲಿಲ್ಲ. ಹೆಸರು ಕೇಳಿ ನೀವು ಎದೆ ಒಡ್ಕತೀರ ಅಂದ್ಕಂಡೆ."

"ನಾನಾ? ಒಡ್ಕಂಡಿರೋದು ಯಾರು ಅಂತ ಕನ್ನಡೀಲಿ ನೋಡ್ಕ ಹೋಗು, ಮಾರಾಯ." ಬೋರಯ್ಯನ ದನಿ ಏರಲಿಲ್ಲ, ಆದರೆ ಗಡಸಾಗಿತ್ತು. "ನಿನ್ನ ವಯ್ಸಲ್ಲಿ ನಮ್ಮಪ್ಪನ್ನ ನಾನೇ ಹೊತ್ತು ಮಣ್ಣು ಮಾಡ್ದೋನು. ಸಾಯೋದು ಗೊತ್ತಿಲ್ಲದ ಎಳೆ ಮಗ ಅಂದ್ಕಂಡ್ಯಾ ನನ್ನ? ಎಲ್ಲ ಸೇರಿ ನನ್ನ ಹೊಟ್ಟೆ ವಿಚಾರ ನಂಗೇ ಗೊತ್ತಿಲ್ದಂಗೆ ನಡಸ್ತಾ ಇದ್ರಿ. ಗುರುವಾರ ನೀನು ಹೊರಗಡೆ ಕೂತ್ಕ. ನಾನೇ ಕೇಳ್ಕತೀನಿ. ನಿಮ್ಮವ್ವ ನನ್ ಜೊತೆ ಬರ್ಲಿ."

ಎಂದವನು ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಬಿಸಿ ಮಾಡಿ ತರುತ್ತೇನೆಂದು ಗಂಗಾಮಣಿ ಬಾಗಿದರೆ ಬಿಡಲಿಲ್ಲ. ಆರಿದ ಸಾರಿನಲ್ಲೇ ಮುದ್ದೆಯನ್ನು ಚಿಕ್ಕ ಚಿಕ್ಕದಾಗಿ ಮುರಿದು ನುಂಗಿದ. ಅರ್ಧಕ್ಕೇ ಹೊಟ್ಟೆ ಹಿಡಿಯಿತು. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಮತ್ತೊಂದು ತುತ್ತು ಮುರಿದ.

ಆಮೇಲಿನ ದಿನಗಳಲ್ಲಿ ಹುಲಿಯಮ್ಮ ಒಲೆ ಆರಲು ಬಿಡಲಿಲ್ಲ. ಬೆಳಿಗ್ಗೆ ಮೊಟ್ಟೆ, ಆಮೇಲೆ ಹಾಲು, ಹುರುಳಿಕಾಳಿನ ಕಟ್ಟು, ಮೀನು. ಅವನು ತಿಂದದ್ದರಲ್ಲಿ ಅರ್ಧ ಹೊರಗೆ ಬಂದಾಗ ಬೆನ್ನು ನೀವಿ, ಬಾಯಿ ಒರೆಸಿ, ಮತ್ತೆ ಅಡಿಗೆಮನೆಗೆ ಹೋದಳು. ಬುಧವಾರ ಸಂಜೆ ಸೊಸೆಯ ಕಡೆ ತಿರುಗಿ, "ನೀನೂ ಒಂದು ಮೊಟ್ಟೆ ತಿನ್ನು, ನೋಡಕ್ಕಾಗಲ್ಲ," ಎಂದಳು. ಮೂರು ದಿನದಲ್ಲಿ ಅವಳು ಗಂಗಾಮಣಿಯೊಂದಿಗೆ ಆಡಿದ ಮೊದಲ ಮಾತು ಅದು.

ಗುರುವಾರ ಡಾಕ್ಟರಮ್ಮನ ಕೋಣೆಗೆ ಗಂಡ ಹೆಂಡತಿ ಇಬ್ಬರೇ ಹೋದರು. ಜಯಕುಮಾರ್ ಗಂಗಾಮಣಿಯೊಂದಿಗೆ ಹೊರಗಿನ ಕುರ್ಚಿಯಲ್ಲಿ ಕೂತ. ಬಾಗಿಲು ತೆರೆದು ನರ್ಸ್ ಹೊರಬಂದಾಗಲೆಲ್ಲ ಅರ್ಧ ಏಳುತ್ತಿದ್ದ. ಒಳಗಿನಿಂದ ಬೋರಯ್ಯನ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಮ್ಮೆ ಡಾಕ್ಟರಮ್ಮ ನಕ್ಕಂತಾಯಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ.

"ಏನು ಕೇಳ್ತಾವ್ರೆ ಅಷ್ಟೊತ್ತು?" ಎಂದ ಜಯಕುಮಾರ್.

"ಅವ್ರ ಹೊಟ್ಟೆ, ಅವ್ರು ಕೇಳ್ಲಿ," ಎಂದಳು ಗಂಗಾಮಣಿ.

ಬೋರಯ್ಯನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಪಕ್ಕದ ವಾರ್ಡಿಗೆ ಕರೆದೊಯ್ದರು. ಅವನು ಇತ್ತ ತಿರುಗಿ ನೋಡಲಿಲ್ಲ. ಹುಲಿಯಮ್ಮ ಹಿಂದೆ ಉಳಿದು ಮಗನ ಹತ್ತಿರ ಬಂದಳು.

"ಇವತ್ತು ಮದ್ದು ಹಾಕಲ್ಲ ಅಂದ್ರು. ತೂಕ ಸಾಲ್ದು. ಬರೀ ಶಕ್ತಿಗೆ ನೀರು ಏರಿಸ್ತಾರಂತೆ. ಮುಂದಿನ ವಾರ ಬರ್ಬೇಕು. ಆವಾಗ್ಲೂ ಅರ್ಧ ಮದ್ದೇ."

"ಅರ್ಧಾನಾ? ಯಾಕೆ?"

"ನಿಮ್ಮಪ್ಪ ಕೇಳುದ್ರು, ಪೂರಾ ಹಾಕುದ್ರೆ ಏನಾಯ್ತದೆ ಅಂತ. ಕಾಲು ಜೋಮು ಹಿಡೀಬೋದು, ಸುಸ್ತು ಜಾಸ್ತಿ ಅಂದ್ರು. ಹಂಗಾದ್ರೆ ಅರ್ಧ ಸಾಕು, ಕಾಲಿದ್ರೆ ತೋಟದಾಗಾದ್ರೂ ಓಡಾಡ್ತೀನಿ ಅಂದ್ರು. ಎರಡು ಸಲ ಹಾಕ್ಸ್ಕತಾರಂತೆ. ಆಮೇಲೆ ಬೇಕೋ ಬ್ಯಾಡ್ವೋ ಅವ್ರೇ ಹೇಳ್ತಾರಂತೆ."

"ಆರು ಸಲ ಹಾಕ್ಬೇಕು ಅಂದಿದ್ರಲ್ಲ ಅವ್ವ! ಹೆಂಗೆ ಬುಟ್ರು? ಇರು, ನಾನು ಮಾತಾಡ್ತೀನಿ," ಎಂದು ಜಯಕುಮಾರ್ ಡಾಕ್ಟರಮ್ಮನ ಬಾಗಿಲ ಕಡೆ ನುಗ್ಗಿದ. ಗಂಗಾಮಣಿ ಅವನ ಅಂಗಿಯ ತುದಿ ಹಿಡಿದಳು. ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

ಅವನು ನಿಂತ. ಅವ್ವನತ್ತ ತಿರುಗಿದ. "ಎಷ್ಟು ದಿನ ಅಂತ ಕೇಳುದ್ರಾ ಅಪ್ಪ?"

"ಕೇಳುದ್ರು."

"ಏನಂದ್ರು?"

ಹುಲಿಯಮ್ಮ ಸೆರಗಿನಿಂದ ಮುಖ ಒತ್ತಿಕೊಂಡಳು. "ಅದನ್ನ ನಾನು ಹೇಳಲ್ಲ ಕಣೋ. ಅವ್ರನ್ನೇ ಕೇಳು. ಹೇಳ್ಬೇಕು ಅನ್ಸಿದ್ರೆ ಹೇಳ್ತಾರೆ."

ಜಯಕುಮಾರ್ ವಾರ್ಡಿನವರೆಗೆ ನಡೆದ. ಸಾಲು ಮಂಚಗಳ ಕೊನೆಯಲ್ಲಿ ಬೋರಯ್ಯ ಒಂದು ಕೈ ಚಾಚಿ ಮಲಗಿದ್ದ. ನರ್ಸ್ ನರ ಹುಡುಕುತ್ತಿದ್ದಳು. ಮಗ ಹೊಸ್ತಿಲು ದಾಟಲಿಲ್ಲ. ಚೌಕಟ್ಟು ಹಿಡಿದು ನಿಂತು, ಸಾಹುಕಾರರ ಮನೆಯ ಬಾಗಿಲಲ್ಲಿ ನಿಂತ ಆಳಿನಂತೆ ಕೇಳಿದ.

"ಅಪ್ಪಾ, ಒಳಗೆ ಬರ್ಲಾ?"